ಗಿರಣಿ ನಿಲ್ಲುವ ಮೊದಲೇ ಹೇಳಿದ ಬೆಲೆ

ಹಳೆಯ ಉಸ್ತರಾದ ಬೆಲೆ ಹೇಳಬೇಕಾದರೆ ನಾನು ಕರೆಂಟ್ ಹೋಗುವುದನ್ನು ಕಾಯುತ್ತೇನೆ. ನವಲಗುಂದದ ನನ್ನ ಸಾಣೆ ಅಂಗಡಿಗೂ ಬಾಜುವಿನ ಹಿಟ್ಟಿನ ಗಿರಣಿಗೂ ನಡುವೆ ಇರುವುದು ಒಂದೇ ಗೋಡೆ. ಗಿರಣಿ ತಿರುಗುವಷ್ಟು ಹೊತ್ತು ನನ್ನ ಕಟ್ಟೆ, ಕಲ್ಲು, ನೀರಿನ ಬಟ್ಟಲು ಎಲ್ಲ ಸಣ್ಣಗೆ ನಡುಗುತ್ತಿರುತ್ತವೆ. ಮನುಷ್ಯರ ಮಾತು ಕೂಗಿ ಹೇಳಿದರೆ ಕೇಳಿಸೀತು, ಉಕ್ಕಿನ ದನಿ ಕೇಳಿಸುವುದಿಲ್ಲ. ಉಸ್ತರಾದ ಬೆಲೆ ಅರ್ಧ ಕಣ್ಣಿನಲ್ಲಿದ್ದರೆ ಇನ್ನರ್ಧ ಕಿವಿಯಲ್ಲಿದೆ.

ಈ ಕೆಲಸ ಗೊತ್ತಿಲ್ಲದವರಿಗಾಗಿ ಎರಡು ಮಾತು. ಉಸ್ತರಾ ಎಂದರೆ ಮಡಚುವ ಹಳೆಯ ಕ್ಷೌರದ ಕತ್ತಿ. ಈಗ ಕಟಿಂಗ್ ಅಂಗಡಿಗಳಲ್ಲಿ ಅರ್ಧ ಬ್ಲೇಡು ಸಿಕ್ಕಿಸಿ, ಬೋಳಿಸಿ, ಬ್ಲೇಡು ಎಸೆಯುತ್ತಾರೆ. ಅಪ್ಪ ಅಜ್ಜಂದಿರ ಉಸ್ತರಾಗಳು ಟ್ರಂಕಿನ ತಳ ಸೇರಿವೆ. ಅವನ್ನು ಹುಡುಕಿ ಕೊಂಡು ತಮ್ಮ ಗಡ್ಡವನ್ನು ತಾವೇ ಕೆರೆದುಕೊಳ್ಳುವ ಹೌಸಿನ ಮಂದಿ ದೊಡ್ಡ ಊರುಗಳಲ್ಲಿದ್ದಾರೆ. ತುಕ್ಕು ತೆಗೆದು, ಕಲ್ಲಿಗೆ ತಿಕ್ಕಿ ಹರಿತದ ಬಾಯಿ ಕಟ್ಟಿ, ಹಿಡಿ ಕೂರಿಸಿ ಅವರಿಗೆ ಕಳಿಸುವುದು ನನ್ನ ಕೆಲಸ. ಕುಡುಗೋಲು, ಕತ್ತರಿ ನನ್ನ ಹೊಟ್ಟೆ ಹೊರೆಯುತ್ತವೆ. ತಲೆ ಎತ್ತಿ ಕೂತುಕೊಳ್ಳುವಂತೆ ಮಾಡಿದ್ದು ಉಸ್ತರಾ.

ಬೆಲೆ ಕಟ್ಟುವಾಗ ಮೊದಲು ಅಲಗಿನ ಬುಡದಲ್ಲಿ ಒತ್ತಿದ ಊರಿನ ಹೆಸರು ನೋಡುತ್ತೇನೆ. ಆಮೇಲೆ ಬೆನ್ನು. ವರ್ಷಗಟ್ಟಲೆ ಕಲ್ಲಿಗೆ ತಿಕ್ಕಿ ಬೆನ್ನು ಚಪ್ಪಟೆಯಾಗಿದ್ದರೆ ಬಾಯಿ, ಅಂದರೆ ಹರಿತದ ಅಂಚು, ಸರಿಯಾದ ಕೋನಕ್ಕೆ ಬರುವುದಿಲ್ಲ. ಮೇಲಿನ ಕೆಂಪು ತುಕ್ಕು ಹೋಗುತ್ತದೆ. ಬಾಯಿಯ ಹತ್ತಿರ ಕಚ್ಚಿಕೊಂಡ ಕಪ್ಪು ಚುಕ್ಕೆ ಹೋಗುವುದಿಲ್ಲ. ಕೊನೆಗೆ ದನಿ. ಹೆಬ್ಬೆರಳಿನ ಉಗುರಿನಿಂದ ಬಾಯಿಯ ಉದ್ದಕ್ಕೂ ಮೆಲ್ಲಗೆ ಮೀಟುತ್ತೇನೆ, ಕುಂದಗೋಳದ ಕಡೆ ತಂಬೂರಿಯ ತಂತಿ ಮೀಟಿ ನೋಡುತ್ತಾರಲ್ಲ, ಹಾಗೆ. ಗಟ್ಟಿ ಉಕ್ಕು ಟಿಂಗ್ ಅನ್ನುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಆ ಜಾಗದಲ್ಲಿ ದನಿ ಸತ್ತಿರುತ್ತದೆ.

ಇಷ್ಟಾದ ಮೇಲೆ ಬೆಲೆಯನ್ನು ಸೀಮೆಸುಣ್ಣದಿಂದ ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಬರೆಯುತ್ತೇನೆ. ಆರನೆಯ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಮಡಚಿ ಕಿಸೆಯಲ್ಲಿಡುವ ಕಾಗದಕ್ಕಿಂತ ಹತ್ತು ಜನಕ್ಕೆ ಕಾಣುವ ಹಲಗೆ ನನಗೆ ಹೆಚ್ಚು ಸರಿ ಅನ್ನಿಸಿತ್ತು. ಬರೆದದ್ದನ್ನು ಆ ಉಸ್ತರಾ ಅಂಗಡಿ ಬಿಡುವವರೆಗೆ ಅಳಿಸುವುದಿಲ್ಲ, ತಿದ್ದುವುದಂತೂ ಇಲ್ಲವೇ ಇಲ್ಲ. ಮಂದಿ ನನ್ನನ್ನು ಒಂದ ಮಾತಿನ ಕಾಕಾ ಎಂದು ಕರೆಯುತ್ತಿದ್ದರು. ಆ ಹೆಸರು ನನಗೆ ಸಿಹಿಯಾಗಿಯೇ ಕೇಳಿಸುತ್ತಿತ್ತು.

ಹಿಂದಿನ ವರ್ಷ ಕಡಲೆ ಕಿತ್ತು ಮುಗಿದ ಹೊತ್ತಿನಲ್ಲಿ ಅಣ್ಣಿಗೇರಿಯಿಂದ ಒಬ್ಬ ಕ್ಷೌರಿಕ ಬಂದ. ಅವನ ಅಪ್ಪನೂ ಅದೇ ಕಸಬಿನವನು, ಕೈಗೆ ಹೆಸರಾದವನು, ತೀರಿಕೊಂಡು ಒಂದು ವರ್ಷವಾಗಿತ್ತು. ಇಬ್ಬರು ಮಕ್ಕಳು. ಬಂದವನು ಹಿರಿಯ, ಅಪ್ಪನ ಕಟಿಂಗ್ ಅಂಗಡಿ ನಡೆಸುವವನು. ಕಿರಿಯ ಸರಕಿನ ಆಟೋ ಹೊಡೆಯುತ್ತಾನೆ. ಇವರನ್ನು ಅಣ್ಣ, ತಮ್ಮ ಎಂದೇ ಕರೆಯುತ್ತೇನೆ. ಮನೆ, ಕುರ್ಚಿ, ಕನ್ನಡಿ, ತಾಮ್ರದ ಹಂಡೆ ಎಲ್ಲ ಪಾಲು ಹಂಚಿ ವಾಟ್ನಿಯಾಗಿತ್ತು. ಉಳಿದದ್ದು ಅಪ್ಪನ ಜರ್ಮನ್ ಉಸ್ತರಾ ಒಂದು. ಅದಕ್ಕಾಗಿ ಇಬ್ಬರೂ ಮಾತು ಬಿಟ್ಟು ಎಂಟು ತಿಂಗಳು ಕಳೆದಿದ್ದವು. ಅವರ ತಾಯಿ ಒಂದು ಹೊತ್ತು ಈ ಮನೆ, ಒಂದು ಹೊತ್ತು ಆ ಮನೆ ಉಣ್ಣುತ್ತ, ನಡುವಿನ ಗೋಡೆಗೆ ಬೆನ್ನು ಹಚ್ಚಿ ಕೂಡುತ್ತಿದ್ದರಂತೆ.

"ನೀವ್ ಒಂದ್ ಬೆಲೆ ಹೇಳಿಬಿಡ್ರಿ ಕಾಕಾ," ಅಂದ ಅಣ್ಣ. "ಉಸ್ತರಾ ನಾ ಇಟ್ಕೋತೇನಿ, ಅರ್ಧಾ ರೊಕ್ಕಾ ಅವಂಗ ಕೊಡ್ತೇನಿ. ನಮ್ಮವ್ವ ನಿಮ್ಮ ಮಾತ ಆದ್ರ ಕೇಳ್ತೇನಿ ಅಂದಾಳ."

"ಮಂಗಳವಾರ ಎಲ್ಲಾರೂ ಕೂಡಿ ಬರ್ರಿ," ಅಂದೆ.

ಅವನು ಏಳಲಿಲ್ಲ. ಕತ್ತರಿಯೊಂದನ್ನು ಕೈಯಲ್ಲಿ ಆಡಿಸುತ್ತ, "ಇಟ್ಕೊಳ್ಳಾಂವ ನಾನ ಅಲ್ಲೇನ್ರಿ... ಸ್ವಲ್ಪ ಕಡಿಮಿ ನೋಡಿ ಹೇಳ್ರಿ. ಹಳೀ ಕಬ್ಬಿಣ ಐತಿ, ಏನ್ ಬಾಳೀತು," ಅಂದ.

ನನಗೆ ಮೈ ಉರಿಯಿತು. "ನಿನ್ನ ಉಸ್ತರಾ ತಗೊಂಡು ಬ್ಯಾರೆ ಕಡೆ ಹೋಗು. ಇಲ್ಲಿ ಬೆಲೆ ಹೇಳ್ತಾರ, ಮಾರೂದಿಲ್ಲ."

"ಸಿಟ್ಟಾಗಬ್ಯಾಡ್ರಿ, ಸಹಜ ಅಂದೆ."

ಎರಡು ದಿನಕ್ಕೆ ತಮ್ಮ ಬಂದು ಆಟೋ ನಿಲ್ಲಿಸಿ ಇಳಿದ. ಅವನದೂ ಅದೇ ರಾಗ, ತಿರುವು ಮಾತ್ರ ಬೇರೆ. "ಜರ್ಮನ್ ಮಾಲ್ ಐತ್ರಿ ಕಾಕಾ. ನಮ್ಮಣ್ಣ ಹಳೀ ಕಬ್ಬಿಣ ಅಂತಾನ. ನೀವ್ ಖರೇ ಹೇಳ್ರಿ, ಜರಾ ಮ್ಯಾಲಿಂದ ಹೇಳ್ರಿ." ಅವನನ್ನೂ ಬೈದು ಕಳಿಸಿದೆ. ಆದರೆ ಇಲ್ಲಿ ಒಪ್ಪಿಕೊಳ್ಳಬೇಕು, ಮೊದಲು ಬಂದವನ ಮಾತು ನನ್ನೊಳಗೆ ಹೆಚ್ಚು ಕಚ್ಚಿತ್ತು.

ಮಂಗಳವಾರ ನಮ್ಮ ಕಡೆ ಕಟಿಂಗ್ ಅಂಗಡಿಗಳಿಗೆ ರಜೆ. ಸುತ್ತಿನ ಊರುಗಳ ಕ್ಷೌರಿಕರು ಕತ್ತರಿ, ಮಶೀನಿನ ಹಲ್ಲು ಹಿಡಿದು ನನ್ನ ಹತ್ತಿರ ಬರುವುದು ಅಂದೇ. ಆ ದಿನ ಏಳೆಂಟು ಮಂದಿ ಕಟ್ಟೆಯ ಮೇಲೆ ಕೂತಿದ್ದರು. ಅವರ ನಡುವೆ ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ, ತಾಯಿ ಬಾಗಿಲ ಹೊಸ್ತಿಲ ಮೇಲೆ. ಬಾಜುವಿನ ಗಿರಣಿಯಲ್ಲಿ ಮೆಣಸಿನಕಾಯಿ ಬೀಸುತ್ತಿದ್ದರು. ಎಲ್ಲರ ಕಣ್ಣಲ್ಲೂ ನೀರು.

ತಾಯಿ ಸೀರೆಯ ಚುಂಗಿನಿಂದ ಉಸ್ತರಾ ಬಿಚ್ಚಿ ಕೊಟ್ಟರು. ಒಳ್ಳೆಯ ಮಾಲು. ಬೆನ್ನು ತುಂಬಿತ್ತು, ಅಲಗಿನ ಹೊಟ್ಟೆಯನ್ನು ತೆಳ್ಳಗೆ ಕೊರೆದಿದ್ದರು, ಕೋಡಿನ ಹಿಡಿ ಕಪ್ಪಗೆ ಮಿನುಗುತ್ತಿತ್ತು. ಅಲಗಿನ ಮೇಲೆ ಅಲ್ಲಲ್ಲಿ ಕೆಂಪು ತುಕ್ಕು, ಅಷ್ಟೆ. ತುದಿಯಲ್ಲಿ ಹೆಬ್ಬೆರಳಿನ ಅಗಲದಷ್ಟು ಬಾಯಿ ಮೊಂಡಾಗಿತ್ತು. ಮನೆಯ ಹುಡುಗರು ಪೆನ್ಸಿಲ್ ಕೆತ್ತಿರಬೇಕು, ಕಲ್ಲಿಗೆ ಹಾಕಿದರೆ ಬರುತ್ತದೆ ಅಂದುಕೊಂಡೆ.

ಉಳಿದದ್ದು ದನಿ. ಗಿರಣಿ ಗುಡುಗುತ್ತಿತ್ತು. ಮೂರು ಫೇಸಿನ ಕರೆಂಟ್ ಹೋಗಲು ಇನ್ನೂ ಒಂದು ತಾಸು ಬೇಕು. "ಜರಾ ತಡೀರಿ" ಅಂದಿದ್ದರೆ ಮುಗಿದಿತ್ತು. ಅಣ್ಣನ ಮುಖ ನೋಡಿದೆ. ನಾನು ತಡೆದರೆ ಅವನು ಏನೆಂದುಕೊಳ್ಳುತ್ತಾನೆ? ಕಾಕಾನ ಒಳಗೆ ನನ್ನ ಮಾತು ಕೆಲಸ ಮಾಡುತ್ತಿದೆ ಅಂದುಕೊಳ್ಳುತ್ತಾನೆ. ನಾನು ಯಾರ ಕಿಸೆಯವನೂ ಅಲ್ಲ ಎಂದು ಆಗಿಂದಾಗಲೇ ತೋರಿಸಬೇಕಿತ್ತು. ಎದ್ದು ಹೋಗಿ ಹಲಗೆಯ ಮೇಲೆ ಬರೆದೆ: ೧೨,೦೦೦.

ಕಟ್ಟೆಯ ಮೇಲಿದ್ದವರು ಹೋ ಎಂದರು. "ಏ ಇವನ, ನಿಮ್ಮಪ್ಪ ಬಂಗಾರದ್ಲೇ ಬೋಳಿಸ್ತಿದ್ನಲ್ಲೋ!" ಅಂದ ಒಬ್ಬ. ಅಣ್ಣನ ಮುಖ ಸಣ್ಣದಾಯಿತು. ಆದರೂ ಅವನು ಮಾತು ತಪ್ಪಲಿಲ್ಲ. ಕಿಸೆಯಿಂದ ನೋಟು ತೆಗೆದ, ಸಾಲದ್ದಕ್ಕೆ ಪಕ್ಕದವರಿಂದ ಇಸಿದುಕೊಂಡ, ಆರು ಸಾವಿರ ತಾಯಿಯ ಕೈಗಿಟ್ಟ. ತಾಯಿ ತಮ್ಮನ ಕೈಗಿಟ್ಟರು. ಎದುರಿನ ಹೋಟೆಲಿನಿಂದ ಚಹಾ ಬಂತು. ತಮ್ಮ ತನ್ನ ಚಹಾವನ್ನು ಕಪ್ಪಿನ ಕೆಳಗಿನ ಬಸಿಗೆ ಸುರಿದು ಅಣ್ಣನ ಮುಂದೆ ಹಿಡಿದ. ಅಣ್ಣ ಒಂದು ಗಳಿಗೆ ನೋಡಿ ತಗೊಂಡ. ತಾಯಿ ಕಣ್ಣು ಒರೆಸಿಕೊಂಡು, "ಮೆಣಸಿನಕಾಯಿ ಘಾಟ ಭಾಳ ಐತಿಲ್ಲಿ," ಅಂದರು.

ಉಸ್ತರಾ ನನ್ನ ಹತ್ತಿರ ಉಳಿಯಿತು, ಚೊಕ್ಕ ಮಾಡಿ ಹರಿತ ಹಾಕಿ ಕೊಡಲು.

ಆ ಸಂಜೆ ಅದನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟೆ. ಬುಧವಾರ ತೆಗೆದು ಒರೆಸಿ, ನೀರು ಹಚ್ಚಿದ ನಯವಾದ ಉಪ್ಪುಕಾಗದದಿಂದ ತುಕ್ಕು ಕಳೆದೆ, ಬೆನ್ನಿನಿಂದ ಬಾಯಿಯ ಕಡೆಗೆ, ಒಂದೇ ದಿಕ್ಕಿನಲ್ಲಿ. ಈ ಕೆಲಸದಲ್ಲಿ ಮಶೀನು ಮುಟ್ಟಬಾರದು. ತೆಳ್ಳನೆಯ ಉಕ್ಕು ಒಂದು ಚಣ ಬಿಸಿಯಾದರೂ ನೀಲಿಗಟ್ಟಿ ಹದ ಕಳೆದುಕೊಳ್ಳುತ್ತದೆ. ಮಧ್ಯಾಹ್ನದವರೆಗೆ ತುಕ್ಕು ಬಿಟ್ಟಿತು. ಕಲ್ಲು ತೋಯಿಸಿ ಬುಡದಿಂದ ನಡುವಿನವರೆಗೆ ಬಾಯಿ ಕಟ್ಟಿದೆ. ತುದಿಯ ಮೊಂಡನ್ನು ಕೊನೆಗೆ ನೋಡಿಕೊಳ್ಳುವುದೆಂದು ಬಿಟ್ಟಿದ್ದೆ. ಅಷ್ಟರಲ್ಲಿ ಕರೆಂಟ್ ಹೋಯಿತು, ಗಿರಣಿ ನಿಂತಿತು. ರೂಢಿಯ ಕೈ, ಉಗುರಿನಿಂದ ಮೀಟಿದೆ.

ಬುಡದಲ್ಲಿ ಟಿಂಗ್. ನಡುವೆ ಟಿಂಗ್. ತುದಿಯ ಹತ್ತಿರ, ಠಪ್.

ಮತ್ತೆ ಮೀಟಿದೆ. ಕಿವಿ ಹತ್ತಿರ ತಂದು ಮೀಟಿದೆ. ಠಪ್. ಹಂಚಿಗೆ ಉಗುರು ಬಡಿದಂತೆ.

ಟ್ರ್ಯಾಕ್ಟರ್ ರಿಪೇರಿಯವರು ಬಿರುಕು ಹುಡುಕುವ ಒಂದು ಉಪಾಯವಿದೆ. ಉಕ್ಕನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಒಣಗಿಸಿ ಒರೆಸಿ, ಮೇಲೆ ಸುಣ್ಣದ ಪುಡಿ ಸವರಿದರೆ, ಬಿರುಕಿನೊಳಗೆ ಕೂತ ಎಣ್ಣೆ ಮೆಲ್ಲಗೆ ಹೊರಬಂದು ಪುಡಿಯನ್ನು ತೋಯಿಸುತ್ತದೆ. ನನ್ನ ಕೈಗೆ ಸಿಕ್ಕಿದ್ದು ಹಲಗೆಯ ಸೀಮೆಸುಣ್ಣ. ಬೆಲೆ ಬರೆದ ಅದೇ ತುಂಡು. ಅದನ್ನು ಕೆರೆದು ಪುಡಿ ಮಾಡಿ ತುದಿಗೆ ಸವರಿ ಕೂತೆ. ಬೀಡಿ ಸೇದುವಷ್ಟು ಹೊತ್ತಿನಲ್ಲಿ ಬಿಳಿಯ ಮೇಲೆ ಒಂದು ಗೆರೆ ಮೂಡಿತು. ಬಾಯಿಯಿಂದ ಮೇಲಕ್ಕೆ, ಒಂದು ಜೋಳದ ಕಾಳಿನ ಉದ್ದ, ಕೂದಲಿನಷ್ಟು ಸಪೂರ. ಗೆರೆಯ ಬಣ್ಣ ಕಂದು. ಒಳಗೆ ಹಳೆಯ ತುಕ್ಕಿತ್ತು. ಅಂದರೆ ಬಿರುಕು ನಾನು ಮಾಡಿದ್ದಲ್ಲ, ಎಷ್ಟೋ ವರ್ಷದ್ದು.

ನಾನು ಮಾಡಿದ್ದಲ್ಲ ಎಂಬ ಸಮಾಧಾನ ಹೆಚ್ಚು ಹೊತ್ತು ಉಳಿಯಲಿಲ್ಲ. ಬಾಯಿಯಲ್ಲಿ ಬಿರುಕಿರುವ ಉಸ್ತರಾಕ್ಕೆ ಪೇಟೆಯಲ್ಲಿ ಬೆಲೆಯೇ ಇಲ್ಲ. ಬೋಳಿಸುವಾಗ ಚೂರು ಹಾರಿ ಕೆನ್ನೆ ಸೇರಬಹುದು. ಅಂಥವು ಬಂದರೆ ನಾನೇ ಮುಖಕ್ಕೆ ಹೊಡೆದಂತೆ ವಾಪಸು ಕಳಿಸುತ್ತೇನೆ. ತಲೆ ಎತ್ತಿದರೆ ಎದುರಿಗೆ ಹಲಗೆ. ೧೨,೦೦೦.

ಅಳಿಸಿದರೆ ಯಾಕೆ ಅಳಿಸಿದೆ ಎಂದು ಕೇಳುತ್ತಾರೆ. ಹೇಳಿದರೆ ಅಣ್ಣ ರೊಕ್ಕ ವಾಪಸು ಕೇಳುತ್ತಾನೆ, ತಮ್ಮ ಕೊಡುವುದಿಲ್ಲ, ಆ ತಾಯಿ ಮತ್ತೆ ಗೋಡೆಗೆ ಬೆನ್ನು ಹಚ್ಚುತ್ತಾರೆ. ಹೇಳದಿದ್ದರೆ ಅಣ್ಣ ಒಂದು ದಿನ ಆ ತುದಿಯನ್ನು ಯಾರದೋ ಗಂಟಲಿಗೆ ಇಡುತ್ತಾನೆ. ಅಲ್ಲಾಡಲು ಜಾಗವಿರಲಿಲ್ಲ. ಅಲಗಿಗೆ ಎಣ್ಣೆ ಸವರಿ ಹಿಡಿಯೊಳಗೆ ಮಡಚಿಟ್ಟೆ. ಗುರುವಾರ ಅದನ್ನು ಮುಟ್ಟಲಿಲ್ಲ. ಗಿರಣಿಯವನು ಬಂದು ಹಲಗೆ ನೋಡಿ, "ಏನ್ ಕಾಕಾ, ಹಲಿಗಿ ಮುಂದ ಕುಂತು ಜಪಾ ಮಾಡಾಕತ್ತೀರಿ?" ಅಂದ. ಅವನ ಮೇಲೆ ಸುಮ್ಮನೆ ರೇಗಿದೆ.

ಶುಕ್ರವಾರ ತಮ್ಮನ ಆಟೋ ಬಂತು. ಇಳಿದವನ ಕೈಯಲ್ಲಿ ಬಟ್ಟೆ ಕಟ್ಟಿದ ಡಬ್ಬಿ. "ಶೇಂಗಾ ಹೋಳ್ಗಿ ಕೊಟ್ಟಾಳ್ರಿ ಅವ್ವ. ಇಬ್ರೂ ಸೊಸ್ತೇರು ಒಂದ ಒಲಿ ಮ್ಯಾಲ ಮಾಡ್ಯಾರ. ಎಂಟ ತಿಂಗಳಾಗಿತ್ರಿ, ಆ ಒಲಿ ಕಡೆ ಒಬ್ಬರು ಹೋದ್ರ ಒಬ್ಬರು ಹೋಗ್ತಿದ್ದಿಲ್ಲ." ಆಮೇಲೆ ನನ್ನ ತೋಳು ಹಿಡಿದು ಆಟೋ ಹಿಂದೆ ಎಳೆದುಕೊಂಡು ಹೋದ. "ನೋಡ್ರಿಲ್ಲಿ. ಹಿಂದಿನವು ಎರಡೂ ಹೊಸಾವು. ಆ ರೊಕ್ಕದಾಗ ಹಾಕ್ಸೇನಿ, ನಿಮ್ಮ ಹೆಸರಿನ ಟಾಯರ್ ಇವು."

ಒದ್ದು ನೋಡಿ ಚಲೋ ಅದಾವ ಅಂದೆ. ಹೋಳಿಗೆಯ ಡಬ್ಬಿ ಬಿಚ್ಚದೆ ಮನೆಗೆ ಒಯ್ದು ಇಟ್ಟೆ. ಮನೆಯಲ್ಲಿ ಹೆಂಡತಿ, "ನಿಮಗ ಮೈಯಾಗ ಅರಾಮ ಇಲ್ಲೇನು?" ಎಂದು ಹಣೆ ಮುಟ್ಟಿ ನೋಡಿದಳು.

ಶನಿವಾರ ನನಗೊಂದು ದಾರಿ ಹೊಳೆಯಿತು, ಅದೂ ಕಸಬಿನ ದಾರಿಯೇ. ಬಿರುಕಿರುವುದು ತುದಿಯಲ್ಲಿ. ತುದಿಯನ್ನು ಅರ್ಧ ಇಂಚು ಕತ್ತರಿಸಿ, ಮೂಲೆಯನ್ನು ದುಂಡಗೆ ಮಾಡಿ, ಹೊಸ ಬಾಯಿ ಕಟ್ಟಿದರೆ ಉಳಿದದ್ದು ಗಟ್ಟಿ ಉಸ್ತರಾ. ಅಲಗು ಗಿಡ್ಡವಾಗುತ್ತದೆ, ಬೆಲೆ ಕಾಲು ಭಾಗಕ್ಕೆ ಇಳಿಯುತ್ತದೆ. ಆದರೆ ಅದು ಯಾರಿಗೆ ಗೊತ್ತು? ಹಿಡಿಯನ್ನೂ ಸ್ವಲ್ಪ ತೇಯ್ದು ಹೊಂದಿಸಿದರೆ ಆಯಿತು. ಕೇಳಿದರೆ, ತುಕ್ಕು ತಿಂದಿತ್ತು ಎಂದರಾಯಿತು. ಇದೇ ಕೆಲಸವನ್ನು ಮಾಲೀಕನಿಗೆ ಹೇಳಿ ಮಾಡಿದರೆ ರಿಪೇರಿ. ಹೇಳದೆ ಮಾಡಿದರೆ ಏನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನೀರಿನ ಡಬ್ಬಿ ತುಂಬಿಸಿದೆ, ಸಣ್ಣ ಚಕ್ರ ಜೋಡಿಸಿದೆ, ಕತ್ತರಿಸುವ ಗೆರೆ ಹಾಕಲು ಕಣ್ಣಿಗೆ ಭೂತಗನ್ನಡಿ ಹಚ್ಚಿ ತುದಿಯನ್ನು ಬೆಳಕಿಗೆ ಹಿಡಿದೆ.

ಆಗ ಆ ಮೊಂಡು ಬಾಯಿಯನ್ನು ಮೊದಲ ಸಲ ಸರಿಯಾಗಿ ನೋಡಿದ್ದು.

ಪೆನ್ಸಿಲ್ ಕೆತ್ತಿ ಕೆಟ್ಟ ಬಾಯಿ ಹೇಗಿರುತ್ತದೆ ಎಂದು ನನಗೆ ಗೊತ್ತು. ಹಲ್ಲುಹಲ್ಲು, ಅಲ್ಲಲ್ಲಿ ಮಡಚಿರುತ್ತದೆ. ಇದು ಹಾಗಿರಲಿಲ್ಲ. ಬಿರುಕಿನ ಈ ಕಡೆ ಒಂದು ನೂಲು ಜಾಗ ಬಿಟ್ಟು, ಅಲ್ಲಿಂದ ತುದಿಯವರೆಗೆ ಬಾಯಿಯನ್ನು ಒಂದೇ ಸಮ ದುಂಡಗೆ ಮಾಡಲಾಗಿತ್ತು. ನಯವಾದ ಕಲ್ಲಿನ ಗೀರುಗಳು, ಎಲ್ಲ ಒಂದೇ ಓರೆ. ಹಳೆಯ ಗೀರಿನ ಮೇಲೆ ಹೊಸ ಗೀರು. ಪ್ರತಿ ಸಲ ಹರಿತ ಹಾಕಿದ ಮೇಲೆ ಆ ಹೆಬ್ಬೆರಳಿನಷ್ಟು ಜಾಗವನ್ನು ಬೇಕೆಂದೇ ಮತ್ತೆ ಕೊಂದಿದ್ದಾರೆ. ಆ ಮುದುಕನಿಗೆ ಬಿರುಕು ಗೊತ್ತಿತ್ತು. ಗೊತ್ತಿದ್ದು, ತುದಿಯನ್ನು ಯಾರ ಚರ್ಮಕ್ಕೂ ತಾಗದಂತೆ ಮಾಡಿ, ಉಳಿದ ಎರಡೂವರೆ ಇಂಚಿನಲ್ಲಿ ಜೀವಮಾನ ದುಡಿದಿದ್ದ. ನಾನು ಹುಡುಗರಾಟಿಕೆ ಎಂದು ತಿಳಿದದ್ದು ಅವನ ಕೈಕೆಲಸ.

ಚಕ್ರದ ಸ್ವಿಚ್ ಒತ್ತಲಿಲ್ಲ. ಅದನ್ನು ಕತ್ತರಿಸಲು ನಾನು ಯಾರು ಅನ್ನಿಸಿತು. ಜೋಡಿಸಿದ್ದನ್ನೆಲ್ಲ ಬಿಚ್ಚಿ ನೀರು ಚೆಲ್ಲಿದೆ.

ಸೋಮವಾರ ಬೆಳಿಗ್ಗೆ ಉಸ್ತರಾ ಒಂದು ಕಿಸೆಯಲ್ಲಿ, ಹನ್ನೆರಡು ಸಾವಿರ ಇನ್ನೊಂದು ಕಿಸೆಯಲ್ಲಿ ಇಟ್ಟುಕೊಂಡು ಅಣ್ಣಿಗೇರಿ ಬಸ್ಸು ಹತ್ತಿದೆ. ಬೆಲೆ ಹೇಳಿದವನು ಆ ಬೆಲೆಗೆ ತಾನೇ ಕೊಳ್ಳಲು ತಯಾರಿರಬೇಕು, ಇಲ್ಲದಿದ್ದರೆ ಹೇಳಬಾರದು. ಅದೇ ಒಂದು ದಾರಿ ಅಂದುಕೊಂಡಿದ್ದೆ. ಇಕ್ಕೆಲದ ಎರೆಹೊಲಗಳು ಬಿರಿದು ಬಾಯಿ ಬಿಟ್ಟಿದ್ದವು. ಎಲ್ಲಿ ನೋಡಿದರೂ ನನಗೆ ಅದೇ ಗೆರೆ ಕಾಣುತ್ತಿತ್ತು.

ಸೋಮವಾರ ಗಡ್ಡ ತೆಗೆಸುವವರು ಕಡಿಮೆ. ಅಣ್ಣನ ಅಂಗಡಿ ಖಾಲಿಯಿತ್ತು. ತಮ್ಮನನ್ನೂ ತಾಯಿಯನ್ನೂ ಕರೆಸು ಅಂದೆ. ಅವರು ಬಂದು ಕೂತ ಮೇಲೆ ಎಲ್ಲ ಹೇಳಿದೆ. ಗಿರಣಿ ಗದ್ದಲದಲ್ಲಿ ದನಿ ಕೇಳದೆ ಬೆಲೆ ಹೇಳಿದ್ದು, ಆಮೇಲೆ ಬಿರುಕು ಸಿಕ್ಕಿದ್ದು. ಗೆರೆ ತೋರಿಸಿದೆ.

ಅಣ್ಣ ಬಹಳ ಹೊತ್ತು ನೋಡಿದ. "ಹಂಗಾರ ಈಗೆಷ್ಟ ಬಾಳತೈತ್ರಿ ಇದು?"

"ಏನೂ ಇಲ್ಲ. ಇದನ್ನ ಯಾರ ಮುಖಕ್ಕೂ ಹಚ್ಚಬಾರದು."

ತಮ್ಮ ಎದ್ದು ನಿಂತ. "ಅಂದ್ರ? ಟಾಯರ್ ಬಿಚ್ಚಿ ಕೊಡ್ಲೇನ್ ಈಗ?"

"ನೀ ಏನೂ ಕೊಡಬ್ಯಾಡ. ಮಾತು ನಂದು. ಹನ್ನೆರಡು ಸಾವಿರಕ್ಕ ನಾನ ತಗೋತೇನಿ. ಅದ್ರಾಗ ನಿನ್ನ ಪಾಲು ನಿನಗ ಮುಟ್ಟೇತಿ. ಅಣ್ಣ ನಿನಗ ಕೊಟ್ಟ ಆ ಆರು, ಅವನ ಪಾಲಿನ ಆರು, ಎರಡೂ ಅವಂಗ ಕೊಡ್ತೇನಿ," ಎಂದು ನೋಟು ತೆಗೆದೆ.

ಅಲ್ಲಿಗೆ ಮುಗಿಯುತ್ತದೆ ಎಂದು ನಾನು ಎಣಿಸಿದ್ದೆ. ಅಣ್ಣ ತಮ್ಮನ ಮುಖ ನೋಡಿದ, ತಮ್ಮ ಅಣ್ಣನ ಮುಖ ನೋಡಿದ. ಎಂಟು ತಿಂಗಳ ಮೇಲೆ ಇಬ್ಬರೂ ಒಂದಾದದ್ದು ನನ್ನ ವಿರುದ್ಧ.

"ಬೆಲೀನ ಇಲ್ಲ ಅಂತೀರಿ," ಅಂದ ಅಣ್ಣ ನಿಧಾನವಾಗಿ. "ಬೆಲೆ ಇಲ್ಲದ್ದಕ್ಕ ಹನ್ನೆರಡು ಸಾವಿರ ಹಿಡಕೊಂಡು ಬಸ್ ಹತ್ತಿ ಬರ್ತೀರಿ."

"ಏನೋ ಐತಿ ಲೇ ಅಣ್ಣಾ ಇದರಾಗ," ಅಂದ ತಮ್ಮ. "ಯಾವನೋ ಲಕ್ಷಕ್ಕ ಕೇಳಿರಬೇಕು."

ರೊಕ್ಕ ಕೊಡುತ್ತೇನೆ ಅಂದರೆ ಉಸ್ತರಾದ ಬೆಲೆ ಏರುತ್ತದೆ. ಕೊಡುವುದಿಲ್ಲ ಅಂದರೆ ಹೇಳಿದ ಮಾತು ಬೀಳುತ್ತದೆ. ಇದಕ್ಕಿಂತ ಸುಳ್ಳು ಹೇಳಿದ್ದರೆ ನನ್ನನ್ನು ಹೆಚ್ಚು ನಂಬುತ್ತಿದ್ದರು. ಮೂವತ್ತು ವರ್ಷದಲ್ಲಿ ಕಳ್ಳ ಅನ್ನಿಸಿಕೊಳ್ಳದವನು ಸತ್ಯ ಹಿಡಿದು ಬಂದು ಅಲ್ಲಿ ಅನ್ನಿಸಿಕೊಂಡೆ.

"ಇಲ್ಲಿ ತಾ," ಎಂದು ತಾಯಿ ಕೈ ಚಾಚಿದರು. ಉಸ್ತರಾ ಬಿಚ್ಚಿ, ತುದಿಯ ಮೇಲೆ ಬೆರಳು ಆಡಿಸಿದರು. ಅದು ಕೊಯ್ಯುವುದಿಲ್ಲ ಎಂದು ಗೊತ್ತಿದ್ದವರ ಹಾಗೆ. "ಈ ತುದಿ ಅವರು ಎಂದೂ ಹಚ್ಚತಿದ್ದಿಲ್ಲ. ಕಲ್ಲಿಗೆ ಹಾಕಿದ ಮ್ಯಾಲ ಇಷ್ಟ ಮಾತ್ರ ಮತ್ತ ಮೊಂಡ ಮಾಡ್ತಿದ್ರು. ಯಾಕ ಅಂತ ಕೇಳಿದ್ರ, ಹಾಸಗಲ್ಲ ಮ್ಯಾಲ ಬಿದ್ದೈತಿ ಅಂದಿದ್ರು."

"ಯಾವಾಗವ್ವ?" ಅಂದ ಅಣ್ಣ.

"ನೀವಿಬ್ರೂ ಸಣ್ಣಾವ್ರಿದ್ರಿ. ಯಾರ ಕೈಯಾಗಿಂದ ಬಿತ್ತು ಅಂತ ನನ್ನ ಕೇಳಬ್ಯಾಡ್ರಿ. ಅವರೂ ಹೇಳಿಲ್ಲ, ಕಡೀತನಾ."

ಇಬ್ಬರೂ ನೆಲ ನೋಡಿದರು. ಯಾರು ಏನು ನೆನೆಸಿಕೊಂಡರೋ ನನಗೆ ಗೊತ್ತಿಲ್ಲ. ಅಣ್ಣ ಎದ್ದು ಕುರ್ಚಿಯ ಮೇಲಿನ ಬಟ್ಟೆ ಝಾಡಿಸಿದ.

"ಕೂಡ್ರಿ ಕಾಕಾ."

"ಯಾಕ?"

"ಯಾರ ಮುಖಕ್ಕೂ ಹಚ್ಚಬಾರದು ಅಂದ್ರಲ್ಲ, ನಿಮ್ಮ ಮುಖಕ್ಕ ಹಚ್ಚತೇನಿ. ಸೋಮವಾರ ಅಂತ ನೆವಾ ಹೇಳಬ್ಯಾಡ್ರಿ."

ಕೂತೆ. ಏಳುವ ಹಾಗೆಯೂ ಇರಲಿಲ್ಲ. ಕೊರಳಿಗೆ ಬಟ್ಟೆ ಬಿಗಿದ. ಗೋಡೆಯ ಮೊಳೆಗೆ ತೂಗುಹಾಕಿದ್ದ ಅಪ್ಪನ ಚರ್ಮದ ಪಟ್ಟಿಯ ಧೂಳು ಒರೆಸಿ, ಉಸ್ತರಾವನ್ನು ಹಿಂದೆ ಮುಂದೆ ಆಡಿಸಿದ, ಬೆನ್ನು ಮೊದಲು, ಬಾಯಿ ಹಿಂದೆ. ಬ್ಲೇಡಿನ ಕಾಲದವನಿಗೆ ಆ ಕೈ ಎಲ್ಲಿಂದ ಬಂತೋ. ನೊರೆ ಹಚ್ಚಿ ನನ್ನ ಗದ್ದ ಎತ್ತಿದ. ಕನ್ನಡಿಯಲ್ಲಿ ನನಗೆ ಕಂಡದ್ದು ಮೂವರು ಮನುಷ್ಯರು ಮತ್ತು ನನ್ನದೇ ಗಂಟಲು. ಕಣ್ಣು ಮುಚ್ಚಿದರೆ ಹೆದರಿದ ಅನ್ನುತ್ತಾರೆಂದು ತೆರೆದೇ ಇದ್ದೆ.

"ಅಲ್ಲಾಡಬ್ಯಾಡ್ರಿ ಮತ್ತ," ಅಂದ. "ಕಾಕಾ ಹೋದ್ರ ನಮ್ಮ ವಾಟ್ನಿ ಮಾಡಾವ್ರು ಯಾರು?"

ತಮ್ಮ ನಕ್ಕ. ತಾಯಿ, "ಸುಮ್ನಿರೋ ಬಾಡ್ಯಾ," ಅಂದರು.

ಅವನು ಹಿಡಿದ ರೀತಿ ನಾನು ಎಲ್ಲೂ ನೋಡಿರಲಿಲ್ಲ. ಅಲಗನ್ನು ಮುಂದಕ್ಕೆ ಜಾರಿಸಿ, ಮೊಂಡು ತುದಿಯನ್ನು ಗಾಳಿಯಲ್ಲಿ ಬಿಟ್ಟು, ಬುಡದ ಬಾಯಿಯಿಂದ ಸಣ್ಣಸಣ್ಣಗೆ ಎಳೆಯುತ್ತಿದ್ದ. ಬುಡ ನಾನೇ ಕಟ್ಟಿದ ಬಾಯಿ. ಕೆನ್ನೆಯ ಮೇಲೆ ಹತ್ತಿ ಸರಿದಂತೆ ಸರಿಯಿತು. ಗಂಟಲ ಗಂಟಿನ ಹತ್ತಿರ ಬಂದಾಗ ಅವನು ಉಸಿರು ಹಿಡಿದ, ನಾನೂ ಹಿಡಿದೆ. ಒಂದು ಗೀರು ಬೀಳಲಿಲ್ಲ.

ನೊರೆ ಒರೆಸಿ ಕೇಳಿದ, "ಈಗ ಹೇಳ್ರಿ. ಎಷ್ಟ?"

ಮೊದಲ ಬೆಲೆಯನ್ನು ಸಿಟ್ಟಿನಲ್ಲಿ ಹೇಳಿದ್ದೆ. ಏನೂ ಇಲ್ಲ ಎಂಬ ಎರಡನೆಯದನ್ನು ಹೆದರಿ ಹೇಳಿದ್ದೆ. ಎರಡೂ ತಪ್ಪು. ಉಸ್ತರಾ ಕೊಡು ಅಂದೆ. ಅಂಗಡಿಯಲ್ಲಿ ಸದ್ದಿರಲಿಲ್ಲ. ತಾಯಿ ಫ್ಯಾನಿನ ಗುಂಡಿ ಆರಿಸಿದರು. ಬುಡದಿಂದ ಮೀಟುತ್ತ ಬಂದೆ. ಟಿಂಗ್, ಟಿಂಗ್, ಟಿಂಗ್, ಠಪ್. ನಾಲ್ವರಿಗೂ ಕೇಳಿಸಿತು.

"ಪೇಟೆಯೊಳಗ ಯಾರೂ ತಗೊಳ್ಳೂದಿಲ್ಲ. ಈ ಕೈ ಗೊತ್ತಿದ್ದಾಂವಗ ಮಾತ್ರ ಇದು ಬಾಳತೈತಿ," ಅಂದೆ. "ಎರಡು ಸಾವಿರ. ತುದಿ ಮೊಂಡ ಇಟ್ಟು ಬಳಸಿದ್ರ. ತುದಿಗೂ ಬಾಯಿ ಕಟ್ಟಿದ್ರ ಏನೂ ಇಲ್ಲ."

ಅಣ್ಣ ತಮ್ಮನ ಕಡೆ ತಿರುಗಿದ. ತಮ್ಮ ಗೋಣು ಹಾಕಿದ. ಅರ್ಧ ಎಂದರೆ ಒಂದು ಸಾವಿರ, ಅಣ್ಣ ಕೊಟ್ಟದ್ದು ಆರು. ಉಳಿದ ಐದು ಸಾವಿರ ನನ್ನ ಗಿರಣಿ ಗದ್ದಲದ್ದು. ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಇಟ್ಟೆ. ಅಣ್ಣ ಬೇಡ ಅನ್ನುತ್ತಾನೆ ಎಂದು ನನ್ನ ಮನಸ್ಸಿನ ಒಂದು ಮೂಲೆ ಕಾದಿತ್ತು, ಸುಳ್ಳೇಕೆ ಹೇಳಲಿ. ಅವನು ಎತ್ತಿಕೊಂಡು ಅಂಗಿಯ ಕಿಸೆಗೆ ಇಟ್ಟ.

"ದಾಡಿದು ಐವತ್ತ," ಅಂದ.

ನೂರರ ನೋಟು ಕೊಟ್ಟೆ. ಐವತ್ತು ತಿರುಗಿ ಕೊಟ್ಟ.

ತಮ್ಮ ನನ್ನನ್ನು ಆಟೋದಲ್ಲಿ ನವಲಗುಂದದವರೆಗೆ ಬಿಟ್ಟ, ಆ ಹೊಸ ಟಾಯರಿನ ಮೇಲೆಯೇ. ದಾರಿಯಲ್ಲಿ ಒಮ್ಮೆ ಮಾತ್ರ ಬಾಯಿ ಬಿಟ್ಟ. "ಅದು ನನ್ನ ಕೈಯಾಗಿಂದ ಬಿದ್ದಿತ್ತು ಅನಸ್ತೈತ್ರಿ ಕಾಕಾ. ಅಣ್ಣಗ ಕೇಳಿದ್ರ ತನ್ನ ಕೈಯಾಗಿಂದ ಅಂತಾನ."

ಅಂಗಡಿಗೆ ಬಂದು ಹಸಿ ಬಟ್ಟೆಯಿಂದ ಹಲಗೆ ಒರೆಸಿದೆ, ಅದರ ಮೇಲೆ ೨,೦೦೦ ಎಂದು ಬರೆದೆ. ಒಂದು ವಾರ ಕೂತ ಸುಣ್ಣ ಪೂರ್ತಿ ಹೋಗುವುದಿಲ್ಲ. ಹೊಸ ಅಂಕಿಯ ಹಿಂದೆ ಹಳೆಯದು ಮಸುಕಾಗಿ ಕಾಣುತ್ತಿತ್ತು. ಇನ್ನೊಮ್ಮೆ ಒರೆಸಬಹುದಿತ್ತು, ಒರೆಸಲಿಲ್ಲ.

ಮರುದಿನ ಮಂಗಳವಾರ. ಕಟ್ಟೆಯ ಮೇಲೆ ಕೂತವರೆಲ್ಲ ಹಲಗೆ ನೋಡಿದರು, ನನ್ನ ನುಣ್ಣನೆಯ ಗದ್ದ ನೋಡಿದರು, ಯಾಕೆ ಎಂದು ಕೇಳಿದರು. ಹೇಳಿದೆ. ಒಂದ ಮಾತಿನ ಕಾಕಾ ಎರಡು ಮಾತಿನವನಾದ ಎಂದು ಒಬ್ಬ ನಗೆಯಾಡಿದ. ಬೆಲೆ ಕೇಳಲೆಂದು ಉಸ್ತರಾ ತಂದಿದ್ದ ಇಬ್ಬರು ಅದನ್ನು ಕಿಸೆಯಿಂದ ತೆಗೆಯದೆ ಎದ್ದು ಹೋದರು. ಮೂರನೆಯವನು, ಮೊರಬದ ಕಡೆಯ ಮುದುಕ, ಬಿಚ್ಚಿ ನನ್ನ ಮುಂದಿಟ್ಟ.

"ಎಷ್ಟ ಬಾಳತೈತ್ರಿ?"

ಗಿರಣಿ ತಿರುಗುತ್ತಿತ್ತು. ಅವನ ಕಿವಿಯ ಹತ್ತಿರ ಬಾಗಿ ಕೂಗಿ ಹೇಳಿದೆ, "ಕರೆಂಟ್ ಹೋಗೂತನಾ ಕೂಡ್ರಿ."

ಮುದುಕ ಚಪ್ಪಲಿ ಬಿಟ್ಟು ಕಾಲು ಮಡಚಿ ಕೂತ. ಇಬ್ಬರೂ ಕಾದೆವು.